ಮಾತು ಹೊರಡುವ ಕೋಣೆ: ಕುಡಿತ ಬಿಡುವವರು ತಮ್ಮ ಸಭೆಯನ್ನು ಹುಡುಕಿಕೊಳ್ಳುವ ಬಗೆ

(ತಾಲ್ಲೂಕು ಗ್ರಂಥಾಲಯದ ಸಭಾಂಗಣದಲ್ಲಿ ಆಶಾ ಕಾರ್ಯಕರ್ತೆಯರು, ಶಿಕ್ಷಕರು ಹಾಗೂ ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಇಲ್ಲಿ ಬರುವ ವ್ಯಕ್ತಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮಾನ್ಯರೆ,

ಕೆಲವು ವರ್ಷಗಳ ಹಿಂದೆ ಒಬ್ಬ ಲಾರಿ ಮೆಕ್ಯಾನಿಕ್ ನನ್ನ ಮೇಜಿನ ಮೇಲೆ ನಾಲ್ಕು ಮಡಿಕೆಯ ಒಂದು ಚೀಟಿಯನ್ನು ಬಿಚ್ಚಿಟ್ಟರು. ಅದು ಅವರು ಚಿಕಿತ್ಸೆ ಪಡೆದಿದ್ದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ. ಮಾತ್ರೆಗಳ ಪಟ್ಟಿಯ ಕೆಳಗೆ, ಎಲ್ಲಕ್ಕಿಂತ ಕೊನೆಯ ಸಾಲಿನಲ್ಲಿ, ಕುಡಿತ ಬಿಟ್ಟವರ ಸಭೆಗೆ ಹೋಗತಕ್ಕದ್ದು ಎಂದು ಇಂಗ್ಲಿಷಿನಲ್ಲಿ ಬರೆದು ಒಂದು ವಿಳಾಸವನ್ನು ಕೊಟ್ಟಿದ್ದರು. ಅವರು ಅದನ್ನು ಮಗಳ ಕೈಯಲ್ಲಿ ಓದಿಸಿಕೊಂಡು, ಮಂಗಳವಾರ ಸಂಜೆ ಒಗೆದ ಅಂಗಿ ಹಾಕಿಕೊಂಡು ಹೊರಟರು. ಆ ವಿಳಾಸದಲ್ಲಿ ಇದ್ದದ್ದು ಒಂದು ಟೈಲರ್ ಅಂಗಡಿ. ಗುಂಪಿನವರು ಜಾಗ ಖಾಲಿ ಮಾಡಿ ಎರಡು ವರ್ಷವಾಯಿತೆಂದು ಟೈಲರ್ ಹೇಳಿದರಂತೆ. ಮನೆಗೆ ಹಿಂದಿರುಗುವ ದಾರಿಯಲ್ಲಿ ಏನಾಯಿತೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈ ಹೊತ್ತು ನಾನು ಮಾತಾಡಬೇಕಾಗಿರುವುದು ಆ ಕೊನೆಯ ಸಾಲಿನ ಬಗ್ಗೆ. ಕುಡಿತದ ಕೇಡುಗಳನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ, ನೀವು ಅವನ್ನು ಮನೆಮನೆಯಲ್ಲಿ ಕಂಡವರು. ಏಮ್ಸ್ ಸಂಸ್ಥೆಯ ನೇತೃತ್ವದಲ್ಲಿ ನಡೆದು 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಒಂದೇ ಒಂದು ಅಂಕಿಯನ್ನು ಮಾತ್ರ ಮುಂದಿಡುತ್ತೇನೆ: ಮದ್ಯಕ್ಕೆ ಪೂರ್ತಿ ದಾಸರಾದ 38 ಮಂದಿಯಲ್ಲಿ ಯಾವುದಾದರೂ ಒಂದು ಬಗೆಯ ಚಿಕಿತ್ಸೆಯನ್ನು ಪಡೆದವರು ಒಬ್ಬರು. ಆ ಒಬ್ಬರನ್ನೂ ನಾವು ಟೈಲರ್ ಅಂಗಡಿಗೆ ಕಳಿಸಿಬಿಟ್ಟರೆ ಉಳಿದ 37 ಮಂದಿಗೆ ನಾವು ಯಾವ ಬಾಯಿಂದ ಬುದ್ಧಿ ಹೇಳುವುದು?

ಮುಂದುವರಿಯುವ ಮೊದಲು ಒಂದು ಎಚ್ಚರಿಕೆಯನ್ನು ಹೇಳಿಬಿಡಬೇಕು, ಏಕೆಂದರೆ ಇದು ಜೀವದ ಪ್ರಶ್ನೆ. ಬೆಳಿಗ್ಗೆ ಎದ್ದೊಡನೆ ಕೈ ನಡುಗುವವರು, ನಡುಕ ನಿಲ್ಲಿಸಲೆಂದೇ ಮುಂಜಾನೆ ನೈಂಟಿ ಹಾಕುವವರು, ಯಾರದೋ ಮಾತು ಕೇಳಿ ಒಂದೇ ದಿನಕ್ಕೆ ಕುಡಿತ ನಿಲ್ಲಿಸಿ ನೇರವಾಗಿ ಸಭೆಗೆ ಹೋಗಬಾರದು. ವರ್ಷಗಟ್ಟಲೆ ವಿಪರೀತ ಕುಡಿದ ದೇಹಕ್ಕೆ ಮದ್ಯ ಥಟ್ಟನೆ ನಿಂತರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆಯುವ ಹೊತ್ತಿಗೆ ಹೊತ್ತು ಗೊತ್ತಿಲ್ಲದೆ ಬಡಬಡಿಸುವ, ಇಲ್ಲದ್ದು ಕಾಣುವ ಸನ್ನಿಯ ಸ್ಥಿತಿಯೂ ಬರಬಹುದು, ಅದರಲ್ಲಿ ಪ್ರಾಣ ಹೋಗುವುದೂ ಉಂಟು. ಅವರು ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ. ಸಭೆ ಆಸ್ಪತ್ರೆಗೆ ಬದಲಿಯಲ್ಲ. ಆಸ್ಪತ್ರೆಯಿಂದ ಹೊರಬಿದ್ದ ಮೇಲಿನ ಖಾಲಿ ಸಂಜೆಗಳಿಗಾಗಿ ಇರುವುದು ಅದು.

ಸಭೆಯನ್ನು ಹುಡುಕುವುದು ಎಂಬ ಮಾತಿಗೆ ಒಂದು ಹಳೆಯ ಕಥೆಯಿದೆ. 1935ರ ಮೇ ತಿಂಗಳಲ್ಲಿ, ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಎಂಬ ಊರಿನ ಮೇಫ್ಲವರ್ ಹೋಟೆಲಿನ ಮೊಗಸಾಲೆಯಲ್ಲಿ ಬಿಲ್ ವಿಲ್ಸನ್ ಎಂಬಾತ ನಿಂತಿದ್ದರು. ನ್ಯೂಯಾರ್ಕಿನ ಷೇರುಪೇಟೆಯವರು. ಬಂದ ವ್ಯವಹಾರ ಕೆಟ್ಟಿತ್ತು, ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಮೊಗಸಾಲೆಯ ಒಂದು ಬದಿಯಿಂದ ಬಾರಿನ ಗದ್ದಲ ಕೇಳಿಸುತ್ತಿತ್ತು, ಇನ್ನೊಂದು ಬದಿಯಲ್ಲಿ ಊರಿನ ಚರ್ಚುಗಳ ಪಟ್ಟಿಯೂ ಟೆಲಿಫೋನೂ ಇದ್ದವು. ಅವರು ಪಟ್ಟಿಯ ಕಡೆ ನಡೆದು ಒಬ್ಬ ಪಾದ್ರಿಗೆ ಫೋನ್ ಮಾಡಿ, ಮಾತಾಡಲು ತನ್ನಂತೆಯೇ ಕುಡಿತದಿಂದ ನರಳುವ ಇನ್ನೊಬ್ಬ ವ್ಯಕ್ತಿ ಬೇಕಾಗಿದ್ದಾರೆ ಎಂದರು. ಒಂದು ಕರೆಯಿಂದ ಇನ್ನೊಂದು ಕರೆಗೆ ಹೋಗುತ್ತ ಕೊನೆಗೆ ಅವರಿಗೆ ಸಿಕ್ಕವರು ಡಾ. ಬಾಬ್ ಸ್ಮಿತ್ ಎಂಬ ಸ್ಥಳೀಯ ಶಸ್ತ್ರವೈದ್ಯರು. ಹದಿನೈದು ನಿಮಿಷ ಕೂತು ಎದ್ದುಬಿಡೋಣವೆಂದು ಬಂದ ವೈದ್ಯರು ಗಂಟೆಗಟ್ಟಲೆ ಕೂತರು. ಆ ವರ್ಷದ ಜೂನ್ 10ರಂದು ಅವರು ಕೊನೆಯ ಬಾರಿ ಕುಡಿದದ್ದು. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೋಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ಎಎ, ತನ್ನ ಹುಟ್ಟುಹಬ್ಬವೆಂದು ಎಣಿಸುವುದು ಆ ದಿನವನ್ನೇ.

ಬಿಲ್ ಹೇಳಿದ ಸಂಗತಿಗಳಲ್ಲಿ ವೈದ್ಯರಾದ ತಮಗೆ ಗೊತ್ತಿಲ್ಲದ್ದು ಹೆಚ್ಚೇನೂ ಇರಲಿಲ್ಲ, ಆದರೆ ಕುಡಿತವನ್ನು ಸ್ವಂತ ಅನುಭವದಿಂದ ಬಲ್ಲ ಮನುಷ್ಯನೊಬ್ಬ ತಮ್ಮೊಡನೆ ಮಾತಾಡಿದ್ದು ಅದೇ ಮೊದಲು, ಆತ ಆಡಿದ್ದು ತಮ್ಮ ಭಾಷೆಯನ್ನು ಎಂಬರ್ಥದಲ್ಲಿ ಡಾ. ಬಾಬ್ ಮುಂದೆ ಬರೆದರು. ಅವರು ಭಾಷೆ ಎಂದದ್ದು ಅನುಭವದ ಭಾಷೆಯನ್ನು. ನಾನು ಈ ಮಾತನ್ನು ಅಕ್ಷರಶಃ ಕೂಡ ತೆಗೆದುಕೊಳ್ಳುತ್ತೇನೆ. ಸಭೆಯನ್ನು ಆರಿಸುವಾಗ ನಮ್ಮ ಕಡೆ ಯಾರೂ ಕೇಳದ, ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ಮನುಷ್ಯ ನಾಚಿಕೆಗೇಡಿನ ಸಂಗತಿಯನ್ನು ಯಾವ ಭಾಷೆಯಲ್ಲಿ ಹೇಳಬಲ್ಲ? ಕಚೇರಿಯಲ್ಲಿ ದಿನವಿಡೀ ಇಂಗ್ಲಿಷ್ ಆಡುವವರು ಕೂಡ, ಹೆಂಡತಿಯ ತಾಳಿ ಅಡವಿಟ್ಟ ದಿನವನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅದು ವರದಿಯ ಹಾಗೆ ಕೇಳಿಸುತ್ತದೆ. ಅದನ್ನೇ ಮನೆಮಾತಿನಲ್ಲಿ ಶುರುಮಾಡಿದರೆ ಅರ್ಧಕ್ಕೆ ಗಂಟಲು ಕಟ್ಟುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಕನ್ನಡ, ಇಂಗ್ಲಿಷ್, ತಮಿಳು ಹೀಗೆ ಬೇರೆ ಬೇರೆ ಭಾಷೆಗಳ ಎಎ ಸಭೆಗಳಿವೆ. ಇಂಗ್ಲಿಷ್ ಸಭೆಯಲ್ಲಿ ಒಳ್ಳೆಯ ಜನ ಬರುತ್ತಾರೆ ಎಂಬ ಭಾವನೆಯಿಂದ ಮನೆಯವರು ಅಲ್ಲಿಗೇ ಕಳಿಸಲು ನೋಡುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಮಗುವಿಗೆ ಶಾಲೆ ಆರಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಸಭೆಯೆಂದರೆ ಹೇಗಿರುತ್ತದೆ ಎಂಬ ಭಯವೇ ಅನೇಕರನ್ನು ಬಾಗಿಲಾಚೆ ನಿಲ್ಲಿಸುತ್ತದೆ. ಆದ್ದರಿಂದ ಒಂದು ಸಂಜೆಯನ್ನು ವಿವರವಾಗಿ ಹೇಳುತ್ತೇನೆ. ನಾನು ಹೋಗಿದ್ದದ್ದು ಹೊರಗಿನವರಿಗೂ ಪ್ರವೇಶವಿರುವ, ಓಪನ್ ಎನ್ನುವ ಬಗೆಯ ಸಭೆಗೆ. ಕ್ಲೋಸ್ಡ್ ಸಭೆಗೆ ಕುಡಿತ ಬಿಡಬೇಕೆಂಬ ಇಚ್ಛೆ ಇರುವವರು ಮಾತ್ರ ಬರುತ್ತಾರೆ, ನನ್ನಂಥವರಿಗೆ ಅಲ್ಲಿ ಜಾಗವಿಲ್ಲ, ಇರಬಾರದು ಕೂಡ. ಒಂದು ಶಾಲೆಯ ಎರಡನೆಯ ತರಗತಿಯ ಕೋಣೆ. ಕರಿಹಲಗೆಯ ಮೇಲೆ ಏಳರ ಮಗ್ಗಿ ಹಾಗೇ ಇತ್ತು. ಮಕ್ಕಳ ಬೆಂಚುಗಳಾದ್ದರಿಂದ ದೊಡ್ಡವರ ಮೊಣಕಾಲು ಮೇಜಿಗಿಂತ ಮೇಲೆ ಬರುತ್ತಿದ್ದವು. ಹನ್ನೊಂದು ಮಂದಿ. ಒಬ್ಬರು ಸಭೆಯನ್ನು ನಡೆಸಿಕೊಟ್ಟರು, ಆದರೆ ಅಧ್ಯಕ್ಷ ಭಾಷಣವೇನೂ ಇರಲಿಲ್ಲ. ಒಂದು ನಿಮಿಷದ ಮೌನ, ಒಂದು ಸಣ್ಣ ಪ್ರಾರ್ಥನೆ, ಪುಸ್ತಕದಿಂದ ಒಂದೆರಡು ಪುಟಗಳ ಓದು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಹೆಸರನ್ನು, ಅದೂ ಇನಿಶಿಯಲ್ ಇಲ್ಲದ ಬರಿಯ ಹೆಸರನ್ನು ಹೇಳಿ, ನಾನೊಬ್ಬ ಆಲ್ಕೋಹಾಲಿಕ್ ಎಂದು ಮಾತು ಶುರುಮಾಡಿದರು. ಇದಕ್ಕೆ ಅವರು ಶೇರಿಂಗ್ ಎನ್ನುತ್ತಾರೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಲಿಲ್ಲ, ಮುಗಿದ ಮೇಲೆ ಬುದ್ಧಿ ಹೇಳಲಿಲ್ಲ. ಮೂಲೆಯಲ್ಲಿ ಕೂತಿದ್ದ ಹುಡುಗ ತನ್ನ ಸರದಿ ಬಂದಾಗ ಬರೀ ತಲೆಯಾಡಿಸಿದ, ಸರದಿ ಮುಂದೆ ಹೋಯಿತು. ಕೊನೆಯಲ್ಲಿ ಒಂದು ಡಬ್ಬಿ ಸುತ್ತಿತು. ಹೊಸಬರ ಮುಂದೆ ಬಂದಾಗ ಪಕ್ಕದವರು ಅದನ್ನು ಮೆಲ್ಲಗೆ ತಾವೇ ತೆಗೆದುಕೊಂಡು ಮುಂದಕ್ಕೆ ದಾಟಿಸಿದರು. ಕಾಗದದ ಲೋಟದಲ್ಲಿ ಚಹಾ, ಒಂದೂವರೆ ಗಂಟೆಗೆ ಎಲ್ಲ ಮುಗಿಯಿತು.

ಎಎಯಲ್ಲಿ ಸದಸ್ಯತ್ವಕ್ಕೆ ಶುಲ್ಕವಿಲ್ಲ, ಅರ್ಜಿಯಿಲ್ಲ, ಹಾಜರಿ ಪುಸ್ತಕವಿಲ್ಲ. ಕುಡಿತ ನಿಲ್ಲಿಸುವ ಬಯಕೆಯೊಂದೇ ಅರ್ಹತೆ. ಹೊರಗಿನವರಿಂದ ದೇಣಿಗೆ ಪಡೆಯಬಾರದೆಂಬುದು ಅವರ ಸಂಪ್ರದಾಯವಾದ್ದರಿಂದ ಬಾಡಿಗೆಯೂ ಚಹಾದ ಖರ್ಚೂ ಆ ಡಬ್ಬಿಯಿಂದಲೇ ನಡೆಯಬೇಕು. ನಮ್ಮ ಮೆಕ್ಯಾನಿಕ್‌ರ ಚೀಟಿಯ ವಿಳಾಸ ಸುಳ್ಳಾದದ್ದಕ್ಕೂ ಇದಕ್ಕೂ ನಂಟಿದೆ. ಸ್ವಂತ ಕಟ್ಟಡವಿಲ್ಲದ, ಬಾಡಿಗೆ ಕೋಣೆಯ ಗುಂಪುಗಳು ಜಾಗ ಬದಲಿಸುತ್ತವೆ, ಸೇರುವ ವಾರವನ್ನೂ ಬದಲಿಸುತ್ತವೆ, ಕೆಲವೊಮ್ಮೆ ಇಲ್ಲವಾಗುತ್ತವೆ. ಅದಕ್ಕಾಗಿ ವಿಳಾಸವನ್ನು ಕೊಡುವವರು ಯಾರೇ ಆಗಲಿ, ನರ್ಸ್ ಆಗಲಿ ಆಶಾ ಕಾರ್ಯಕರ್ತೆಯಾಗಲಿ, ಕೊಡುವ ದಿನ ಫೋನ್ ಮಾಡಿ ವಿಚಾರಿಸಿ ಕೊಡಬೇಕು. ಇನ್ನೂ ಒಳ್ಳೆಯದೆಂದರೆ ರೋಗಿ ವಾರ್ಡಿನಲ್ಲಿ ಇರುವಾಗಲೇ ಗುಂಪಿನ ಒಬ್ಬರನ್ನು ಕರೆಸಿ ಪರಿಚಯಿಸುವುದು. ಹೊಸ ಮನುಷ್ಯ ಕಾಗದದ ಮೇಲಿನ ವಿಳಾಸಕ್ಕೆ ಹೋಗಲು ಹಿಂಜರಿಯುತ್ತಾನೆ. ಮುಖ ನೋಡಿದವರು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆಂದರೆ ಹೋಗುತ್ತಾನೆ.

ಎರಡನೆಯ ಪ್ರಶ್ನೆ ಹೊತ್ತಿನದು. ಕುಡಿಯುವವರಿಗೆ ದಿನದಲ್ಲಿ ಒಂದು ಗಳಿಗೆ ಇರುತ್ತದೆ. ಕೂಲಿ ಕೈಗೆ ಬಂದ ಹೊತ್ತು, ಅಂಗಡಿಯ ಶಟರ್ ಎಳೆದ ಹೊತ್ತು, ರಾತ್ರಿ ಪಾಳಿ ಮುಗಿಸಿ ಬಂದ ಬೆಳಗು. ಆ ಹೊತ್ತಿಗೆ ಕಾಲು ತಾನಾಗಿ ವೈನ್ ಶಾಪ್ ಕಡೆ ತಿರುಗುತ್ತದೆ. ಸಭೆ ಆ ಗಳಿಗೆಯ ಮೇಲೆಯೇ ಬಂದು ಕೂರಬೇಕು. ಶನಿವಾರ ಸಂಜೆ ಬಟವಾಡೆ ಆಗುವ ಗಾರೆ ಕೆಲಸದವರಿಗೆ ಭಾನುವಾರ ಬೆಳಗಿನ ಸಭೆ ಎಷ್ಟೇ ಚೆನ್ನಾಗಿರಲಿ, ಅದು ಹನ್ನೆರಡು ಗಂಟೆ ತಡ. ಆದ್ದರಿಂದ ನಾನು ಹೊಸಬರೊಡನೆ ಮೊದಲು ಮಾಡುವ ಕೆಲಸ, ಹಿಂದಿನ ಒಂದು ವಾರದಲ್ಲಿ ಯಾವ ಯಾವ ದಿನ ಎಷ್ಟು ಹೊತ್ತಿಗೆ ಮೊದಲ ಗುಟುಕು ಹೋಯಿತೆಂದು ಹಾಳೆಯ ಮೇಲೆ ಬರೆಸುವುದು. ಆ ಹಾಳೆಯ ಪಕ್ಕದಲ್ಲಿ ಸಭೆಗಳ ಪಟ್ಟಿಯನ್ನು ಇಟ್ಟರೆ ಆಯ್ಕೆ ಅರ್ಧ ಮುಗಿದ ಹಾಗೆ. ಬಿಟ್ಟ ಹೊಸತರಲ್ಲಿ 90 ದಿನಕ್ಕೆ 90 ಸಭೆ ಎಂದು ಹಳಬರು ಹೇಳುವುದುಂಟು. ನಗರದಲ್ಲಿ ಅದು ಸಾಧ್ಯ. ವಾರಕ್ಕೊಂದು ಸಭೆ ಇರುವ ಊರಿನವರಿಗೆ ಈ ಮಾತನ್ನು ಹೇಳಿ ಎದೆಗೆಡಿಸಬಾರದು.

ದೂರದ ವಿಷಯದಲ್ಲಿ ಜನ ಎರಡು ತೆರನಾಗಿ ಯೋಚಿಸುತ್ತಾರೆ. ಹತ್ತಿರವಿದ್ದರೆ ಹೋಗುವುದು ಸುಲಭ. ಆದರೆ ಹತ್ತಿರವಿದ್ದರೆ ಯಾರಾದರೂ ನೋಡಿಯಾರು. ಸಣ್ಣ ಊರಿನಲ್ಲಿ ಎರಡನೆಯದು ಸಣ್ಣ ಭಯವಲ್ಲ. ಎಷ್ಟೋ ಮಂದಿ ಪಕ್ಕದ ತಾಲ್ಲೂಕಿನ ಸಭೆಗೆ ಬಸ್ ಹತ್ತುತ್ತಾರೆ. ಬೀದಿಯಲ್ಲಿ ಬಿದ್ದದ್ದನ್ನು ಊರೆಲ್ಲ ನೋಡಿದ್ದಾಗಿದೆ, ಎದ್ದದ್ದನ್ನು ನೋಡಿದರೇನು ಎಂದು ತಮಾಷೆ ಮಾಡುವ ಹಳಬರೂ ಇದ್ದಾರೆ, ಆದರೆ ಆ ಮಾತನ್ನು ಅವರೇ ತಮ್ಮ ಬಗ್ಗೆ ಆಡಿಕೊಳ್ಳಬೇಕೇ ಹೊರತು ನಾವು ಹೊಸಬರಿಗೆ ಹೇಳುವಂತಿಲ್ಲ. ಅಲ್ಲಿ ಕೇಳಿದ್ದು ಅಲ್ಲಿಯೇ ಉಳಿಯಬೇಕೆಂಬುದು ಸಭೆಯ ಕಟ್ಟಳೆ.

ದೇವರ ಪ್ರಶ್ನೆ ಬಾರದೆ ಇರುವುದಿಲ್ಲ. ಅನೇಕ ಸಭೆಗಳು ಚರ್ಚಿನ ಆವರಣದಲ್ಲಿ ನಡೆಯುವುದರಿಂದ ಮತಾಂತರದ ಗುಮಾನಿಯನ್ನು ಮನೆಯವರು ನನ್ನ ಮುಂದೆ ನೇರವಾಗಿಯೇ ಎತ್ತಿದ್ದಾರೆ. ಚರ್ಚು ಅಲ್ಲಿ ಕೋಣೆಯನ್ನು ಬಿಟ್ಟುಕೊಟ್ಟಿರುತ್ತದೆ, ಅಷ್ಟೆ. ಎಎ ಯಾವ ಮತಕ್ಕೂ ಸೇರಿದ್ದಲ್ಲ. ಆದರೆ ಕುಡಿಯದೆ ಉಳಿಯಲು ಅದು ಹಾಕಿಕೊಟ್ಟಿರುವ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಇದೆ ಎಂಬುದನ್ನು ಮುಚ್ಚಿಡುವುದೂ ಸರಿಯಲ್ಲ. ಅವರವರು ತಿಳಿದಂತೆ ದೇವರು ಎಂದು ಅಲ್ಲಿ ಸಡಿಲ ಬಿಟ್ಟಿದ್ದಾರೆ. ಕೆಲವರಿಗೆ ಅದು ಮನೆದೇವರು, ಕೆಲವರಿಗೆ ತಮಗಿಂತ ದೊಡ್ಡ ಶಕ್ತಿಯೆಂದರೆ ಆ ಗುಂಪೇ. ಇಷ್ಟಾಗಿಯೂ ಒಗ್ಗದವರಿಗೆ 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಸ್ಮಾರ್ಟ್ ರಿಕವರಿ ಎಂಬ ಬೇರೆ ದಾರಿಯಿದೆ. ಅದರಲ್ಲಿ ಪ್ರಾರ್ಥನೆಯಿಲ್ಲ, ತನ್ನನ್ನು ಆಲ್ಕೋಹಾಲಿಕ್ ಎಂದು ಕರೆದುಕೊಳ್ಳಬೇಕಾಗಿಲ್ಲ. ಕುಡಿಯುವುದರ ಲಾಭನಷ್ಟವನ್ನು ಹಾಳೆಯಲ್ಲಿ ಬರೆಯುವುದು, ಆಸೆ ಹುಟ್ಟಿದಾಗ ಮನಸ್ಸಿನಲ್ಲಿ ಓಡುವ ಯೋಚನೆಯನ್ನು ಹಿಡಿದು ಪರೀಕ್ಷಿಸುವುದು ಮುಂತಾದ ಮನೋವಿಜ್ಞಾನದ ಅಭ್ಯಾಸಗಳು ಇರುತ್ತವೆ. ಆನ್‌ಲೈನ್ ಸಭೆಗಳೂ ಇವೆ, ಹೆಚ್ಚಿನವು ಇಂಗ್ಲಿಷಿನಲ್ಲಿ.

ಇನ್ನು ನಮ್ಮ ನಾಡಿನದೇ ಒಂದು ಬಗೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನು ನೀವೆಲ್ಲ ಕಂಡಿದ್ದೀರಿ. ಯಾವುದೋ ಕಲ್ಯಾಣಮಂಟಪದಲ್ಲಿ ಊರಿನವರೇ ಅಕ್ಕಿಬೇಳೆ ಒಟ್ಟುಮಾಡಿ, ವಾರದ ಕಾಲ ಭಜನೆ, ವ್ಯಾಯಾಮ, ಸಲಹೆ, ವೈದ್ಯರ ತಪಾಸಣೆಯೊಂದಿಗೆ ನಡೆಸುತ್ತಾರೆ. ಎಎಯ ಅನಾಮಿಕತೆಗೆ ಇದು ತೀರ ವಿರುದ್ಧ. ಶಿಬಿರಕ್ಕೆ ಸೇರಿದವರು ಯಾರೆಂದು ಊರಿಗೆಲ್ಲ ಗೊತ್ತು, ಬೀಳ್ಕೊಡುವ ದಿನ ಹೆಂಡತಿ ಮಕ್ಕಳೂ ಬರುತ್ತಾರೆ. ಯಾವುದು ಮೇಲು ಎಂದು ಕೇಳಿದರೆ ನಾನು ಉತ್ತರಿಸುವುದಿಲ್ಲ. ಗುಟ್ಟು ಕೆಲವರನ್ನು ಕಾಯುತ್ತದೆ, ಊರಿನ ಕಣ್ಣು ಕೆಲವರನ್ನು ಕಾಯುತ್ತದೆ. ಆದರೆ ಶಿಬಿರದ ಬಗ್ಗೆ ಮಾತಾಡುವವರು ಮರೆಯುವ ಭಾಗವೆಂದರೆ ಆಮೇಲಿನ ನವಜೀವನ ಸಮಿತಿ. ಶಿಬಿರದಿಂದ ಬಂದವರು ತಮ್ಮೂರಿನಲ್ಲಿ ಸೇರುವ ಗುಂಪು ಅದು. ಶಿಬಿರ ಒಂದು ವಾರಕ್ಕೆ ಮುಗಿಯುತ್ತದೆ, ಕುಡಿಯದೆ ಇರಬೇಕಾದದ್ದು ನಂತರದ ಮುನ್ನೂರ ಐವತ್ತೆಂಟು ದಿನ. ಶಿಬಿರಕ್ಕೆ ಸೇರಿಸುವವರು ತಮ್ಮೂರಿನ ಸಮಿತಿ ನಿಜಕ್ಕೂ ಸೇರುತ್ತಿದೆಯೇ, ಯಾವಾಗ, ಎಲ್ಲಿ ಎಂಬುದನ್ನು ಸೇರಿಸುವ ಮೊದಲೇ ಕೇಳಿ ತಿಳಿಯಬೇಕು.

ಹೆಂಗಸರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಕುಡಿಯುವ ಗಂಡಸಿಗೆ ಊರು ಬೈಯುತ್ತದೆ, ಕುಡಿಯುವ ಹೆಂಗಸನ್ನು ಊರು ಇಲ್ಲವೆಂದೇ ನಟಿಸುತ್ತದೆ. ಹತ್ತು ಹದಿನೈದು ಗಂಡಸರು ಕೂತಿರುವ ಕೋಣೆಗೆ ಒಬ್ಬಳೇ ಹೋಗಿ ಬಾಯಿ ತೆರೆಯುವುದು ಹೇಳಿದಷ್ಟು ಸುಲಭವಲ್ಲ. ದೊಡ್ಡ ಊರುಗಳಲ್ಲಿ ಮಹಿಳೆಯರದೇ ಸಭೆ ಇದೆಯೇ ಎಂದು ಕೇಳಿ ನೋಡಬಹುದು, ಆನ್‌ಲೈನ್ ಸಭೆ ಅವರಿಗೆ ನಿಜಕ್ಕೂ ಉಪಕಾರಿ, ಹೊಸಿಲು ದಾಟದೆಯೇ ಮಾತಾಡಬಹುದು. ಸಾಮಾನ್ಯ ಸಭೆಗೆ ಹೋಗುವುದಾದರೆ ಮಾರ್ಗದರ್ಶನ ಮಾಡುವ ಹಳಬರು, ಅಂದರೆ ಸ್ಪಾನ್ಸರ್, ಹೆಂಗಸೇ ಆಗಿರಲಿ. ಹೊಸದಾಗಿ ಬಂದವರ ದುರ್ಬಲ ಗಳಿಗೆಯನ್ನು ಬಳಸಿಕೊಳ್ಳಲು ನೋಡುವವರು ಯಾವ ಗುಂಪಿನಲ್ಲೂ ಇರಬಹುದು. ಸಭೆ ಮುಗಿದ ಮೇಲೆ ಬೇಡದ ಫೋನ್ ಕರೆ, ಬೇಡದ ಸಲುಗೆ ಶುರುವಾದರೆ ಆ ಸಭೆಯನ್ನು ಬಿಟ್ಟು ಬೇರೆಯದಕ್ಕೆ ಹೋಗಬೇಕು. ಅದು ಕುಡಿತ ಬಿಡುವ ಪ್ರಯತ್ನದಲ್ಲಿ ಸೋತದ್ದಲ್ಲ.

ಬಿಡಬೇಕಾದ ಸಭೆಯ ಇನ್ನೊಂದು ಲಕ್ಷಣವೆಂದರೆ ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಲು ಹೇಳುವುದು. ಮಾತ್ರೆ ನುಂಗುವವನು ನಿಜವಾಗಿ ಬಿಟ್ಟವನಲ್ಲ ಎಂದು ಯಾರೋ ಒಬ್ಬ ಹಳಬರು ಹೇಳಿದ್ದನ್ನು ಕೇಳಿ ಮಾತ್ರೆ ಬಿಸಾಡಿ, ತಿಂಗಳೊಳಗೆ ಮತ್ತೆ ವಾರ್ಡಿಗೆ ಬಂದವರನ್ನು ನಾನು ಕಂಡಿದ್ದೇನೆ. ಸದಸ್ಯರು ವೈದ್ಯರ ಪಾತ್ರ ವಹಿಸಬಾರದೆಂಬುದು ಎಎಯ ತನ್ನದೇ ನಿಲುವು. ಹಾಗೆ ಹೇಳುವವರು ಮಾತಾಡುವುದು ತಮ್ಮ ಸ್ವಂತ ಅಭಿಪ್ರಾಯವನ್ನು.

ಇದೆಲ್ಲ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಶಿಕ್ಷಕರೊಬ್ಬರು ಚೀಟಿ ಕಳಿಸಿದ್ದಾರೆ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ವಿಮರ್ಶೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಒಟ್ಟಿಗೆ ಇಟ್ಟು ನೋಡಿತು. ಚಿಕಿತ್ಸಕರು ಕ್ರಮಬದ್ಧವಾಗಿ ಎಎಗೆ ಜೋಡಿಸಿದಾಗ, ಪೂರ್ತಿ ಕುಡಿಯದೆ ಉಳಿಯುವುದರಲ್ಲಿ ಅದು ಬೇರೆ ಮಾನಸಿಕ ಚಿಕಿತ್ಸೆಗಳಿಗಿಂತ ಹಿಂದೆ ಬೀಳಲಿಲ್ಲ, ಹಲವು ಕಡೆ ಮುಂದಿತ್ತು. ಕ್ರಮಬದ್ಧವಾಗಿ ಜೋಡಿಸಿದಾಗ ಎಂಬ ಮಾತನ್ನು ಗಮನಿಸಿ. ಚೀಟಿಯ ಕೊನೆಯ ಸಾಲಿನಲ್ಲಿ ಗೀಚಿ ಕಳಿಸಿದಾಗ ಎಂದು ಅದರಲ್ಲಿ ಇಲ್ಲ.

ಮನೆಯವರಿಗೆ ಬೇರೆಯೇ ಸಭೆ ಇದೆ. ಬಿಲ್ ಅವರ ಪತ್ನಿ ಲೋಯಿಸ್ ವಿಲ್ಸನ್ ಮತ್ತು ಅವರ ಗೆಳತಿ 1951ರಲ್ಲಿ ಆರಂಭಿಸಿದ ಅಲ್-ಅನಾನ್ ನಮ್ಮ ದೇಶದಲ್ಲೂ ನಡೆಯುತ್ತಿದೆ. ಗಂಡ ಬರಲೊಲ್ಲ, ನಾನೇನು ಮಾಡಲಿ ಎನ್ನುವ ಅಕ್ಕಂದಿರು ಅವರ ಒಪ್ಪಿಗೆಗಾಗಿ ಕಾಯಬೇಕಾಗಿಲ್ಲ. ಬಾಟಲಿ ಎಲ್ಲಿ ಬಚ್ಚಿಟ್ಟಿದ್ದಾನೆಂದು ಹುಡುಕುವುದರಲ್ಲೇ ದಿನ ಕಳೆದು ತನ್ನ ಊಟ ನಿದ್ದೆ ಮರೆತವರಿಗೂ ಒಂದು ಕೋಣೆ ಬೇಕು, ಅಲ್ಲಿ ಗಂಡನ ಮಾತಿಗಿಂತ ತನ್ನ ಮಾತು ಹೆಚ್ಚು ಇರಬೇಕು.

ಮೊದಲ ಸಭೆಗೆ ಹೋಗಿ ಬಂದವರು ಸಾಮಾನ್ಯವಾಗಿ ಹೇಳುವ ಮಾತು, ಅವರೆಲ್ಲ ನನಗಿಂತ ಕೆಟ್ಟುಹೋದವರು, ನಾನು ಅಷ್ಟು ಕುಡಿಯುವುದಿಲ್ಲ ಎಂದು. ಎರಡನೆಯದಕ್ಕೆ ಹೋಗಿ ಬಂದವರು ಅಲ್ಲಿ ಒಬ್ಬರೇ ಎಲ್ಲ ಮಾತಾಡುತ್ತಾರೆ ಎನ್ನಬಹುದು. ಎರಡೂ ನಿಜವಿರಬಹುದು. ಒಂದೇ ಸಭೆ ನೋಡಿ ಎಲ್ಲ ಸಭೆಗಳೂ ಹೀಗೆಯೇ ಎಂದು ತೀರ್ಮಾನಿಸುವುದು ಒಂದು ಹೋಟೆಲಿನ ಉಪ್ಪಿಟ್ಟು ತಿಂದು ಉಪ್ಪಿಟ್ಟೇ ಬೇಡವೆಂದ ಹಾಗೆ. ಐದಾರು ಸಲವಾದರೂ, ಸಾಧ್ಯವಿದ್ದರೆ ಎರಡು ಮೂರು ಬೇರೆ ಗುಂಪುಗಳಿಗೆ ಹೋಗಲಿ. ಪ್ರತಿ ಸಲ ಬಂದಾಗ ನಾನು ಕೇಳುವುದು ಒಂದೇ: ಅಲ್ಲಿ ಯಾರಾದರೂ ನಿಮ್ಮ ಕಥೆಯನ್ನು ನಿಮಗಿಂತ ಮೊದಲು ಹೇಳಿಬಿಟ್ಟರೇ? ಹೌದು ಎಂದ ದಿನ ಆ ಗುಂಪಿನ ಹೆಸರನ್ನು ಬರೆದುಕೊಳ್ಳುತ್ತೇನೆ, ಅವರ ಫೋನ್ ನಂಬರನ್ನು ತೆಗೆದುಕೊಂಡಿರಾ ಎಂದು ಕೇಳುತ್ತೇನೆ.

ನಮ್ಮ ಹೋಬಳಿಯಲ್ಲಿ ಸಭೆಯೇ ಇಲ್ಲ, ಏನು ಮಾಡುವುದೆಂದು ಹಿಂದಿನ ಸಾಲಿನಿಂದ ಕೇಳಿದಿರಿ. ವ್ಯಸನಮುಕ್ತಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕಾಗಿ ಇರುವ ಟೆಲಿ ಮಾನಸ್ 14416, ಎರಡಕ್ಕೂ ಹಣ ಕೊಡಬೇಕಾಗಿಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಬಹುದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ. ಸಭೆಯ ಮಟ್ಟಿಗೆ ಹೇಳುವುದಾದರೆ, ಕುಡಿಯದೆ ಇರುವುದಕ್ಕೆಂದು ಇಬ್ಬರು ಮೂವರು ಒಟ್ಟು ಕೂತರೂ ಅದನ್ನು ಗುಂಪೆಂದು ಕರೆಯಬಹುದೆಂದು ಎಎಯ ಸಂಪ್ರದಾಯವೇ ಹೇಳುತ್ತದೆ. ಆಕ್ರನ್‌ನಲ್ಲಿ ಇದ್ದವರೂ ಇಬ್ಬರೇ.

ಟೈಲರ್ ಅಂಗಡಿಯ ಮುಂದಿನಿಂದ ಹಿಂದಿರುಗಿದ ಮೆಕ್ಯಾನಿಕ್ ಇವತ್ತು ಎಲ್ಲಿದ್ದಾರೆಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕನ್ನಡದ ಸಭೆಯೊಂದು ಅವರ ಗ್ಯಾರೇಜಿನಿಂದ ಹದಿನೆಂಟು ಕಿಲೋಮೀಟರ್ ದೂರದಲ್ಲಿ ಸಿಕ್ಕಿತು. ಗುರುವಾರ ಸಂಜೆ ಏಳಕ್ಕೆ. ಮೊದಲ ಮೂರು ಗುರುವಾರ ಅವರು ಎದುರಿನ ಬೀಡಾ ಅಂಗಡಿಯ ಹತ್ತಿರ ನಿಂತು ಹಿಂದಿರುಗಿದರಂತೆ. ನಾಲ್ಕನೆಯ ವಾರ ಒಳಗಿನಿಂದ ಒಬ್ಬರು ಚಹಾದ ಲೋಟ ಹಿಡಿದು ರಸ್ತೆ ದಾಟಿ ಬಂದು, ಮಳೆ ಬರುವ ಹಾಗಿದೆ, ಒಳಗೆ ನಿಲ್ಲಿ ಎಂದರು. ನಡುವೆ ಎರಡು ಸಲ ಜಾರಿದರು, ಮತ್ತೆ ಹೋದರು. ಈಗ ಆ ಕೋಣೆಯ ಬೀಗದ ಕೈ ಅವರ ಬಳಿ ಇರುತ್ತದೆ. ವಿಳಾಸ ಬದಲಾದರೆ ನನಗೆ ಮೊದಲು ಫೋನ್ ಬರುವುದು ಅವರಿಂದಲೇ.